ಕಾರಿನ ಒಳಗಿನ ಪ್ಲಾಸ್ಟಿಕ್ ಮೇಲೆ ಗೀರು: ಪದೇ ಪದೇ ಕೇಳುವ ಪ್ರಶ್ನೆಗಳು

ಹೊರಗಡೆ ಬಣ್ಣಕ್ಕೆ ಗೀರು ಬಿದ್ದರೆ ಕಾರು ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಬೇಜಾರಾಗುತ್ತದೆ. ಒಳಗೆ ಬಿದ್ದರೆ ಹಾಗಲ್ಲ, ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ಕಣ್ಣು ಅಲ್ಲಿಗೇ ಹೋಗುತ್ತದೆ. ಇದರ ಬಗ್ಗೆ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ನಾನು ಕೈ ಸುಟ್ಟುಕೊಂಡು (ಜೊತೆಗೆ ಪ್ಲಾಸ್ಟಿಕ್ಕನ್ನೂ ಸುಟ್ಟು) ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಈಗಷ್ಟೇ ಗೀರು ನೋಡಿದೆ. ಮೊದಲು ಏನು ಹಚ್ಚಲಿ?

ಏನೂ ಹಚ್ಚಬೇಡಿ. ಮೊದಲು ಒರೆಸಿ ನೋಡಿ. ನಾವು ಗೀರು ಅಂದುಕೊಳ್ಳುವುದರಲ್ಲಿ ಎಷ್ಟೋ ಸಲ ಗೀರೇ ಇರುವುದಿಲ್ಲ. ಶೂ ತಳದ ರಬ್ಬರ್, ಸೂಟ್‌ಕೇಸಿನ ಗಾಲಿ, ಬ್ಯಾಗಿನ ಮೂಲೆ, ಇವೆಲ್ಲ ಪ್ಲಾಸ್ಟಿಕ್‌ಗೆ ತಿಕ್ಕಿದಾಗ ತಮ್ಮದೇ ಒಂದಿಷ್ಟನ್ನು ಅಲ್ಲಿ ಬಿಟ್ಟು ಹೋಗುತ್ತವೆ. ಅದು ಮೇಲೆ ಕೂತಿರುವ ಕಲೆ, ಅಷ್ಟೇ. ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಸೌಮ್ಯವಾದ ಸೋಪು ಹಾಕಿ, ಮೈಕ್ರೋಫೈಬರ್ ಬಟ್ಟೆಯನ್ನು ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ. ಅರ್ಧ ಜನರ ಸಮಸ್ಯೆ ಇಲ್ಲೇ ಮುಗಿದುಹೋಗುತ್ತದೆ ಅನ್ನುವುದು ನನ್ನ ಅಂದಾಜು.

ಒರೆಸಿದೆ, ಹೋಗಲಿಲ್ಲ. ಎಷ್ಟು ಆಳ ಇದೆ ಅಂತ ಹೇಗೆ ಗೊತ್ತಾಗುತ್ತದೆ?

ಮೊದಲು ಟಾರ್ಚ್. ಮೊಬೈಲಿನದೇ ಸಾಕು. ನೇರವಾಗಿ ಹಿಡಿಯಬೇಡಿ, ಪ್ಲಾಸ್ಟಿಕ್ಕಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ, ಪಕ್ಕದಿಂದ ಬೆಳಕು ಬಿಡಿ. ಗೀರಿನ ಎರಡೂ ಅಂಚು ಎದ್ದಿದೆಯಾ, ಇಲ್ಲಾ ಬರೀ ಬಣ್ಣ ಮಂಕಾಗಿದೆಯಾ ಅಂತ ಚೆನ್ನಾಗಿ ಕಾಣುತ್ತದೆ.

ಆಮೇಲೆ ಬೆರಳು ಒದ್ದೆ ಮಾಡಿ ಅದರ ಮೇಲೆ ಸವರಿ. ಒದ್ದೆ ಇರುವಷ್ಟು ಹೊತ್ತು ಗೀರು ಮಾಯವಾಗಿ, ಒಣಗಿದ ಮೇಲೆ ಮತ್ತೆ ಕಂಡರೆ ಸಮಾಧಾನ ಪಟ್ಟುಕೊಳ್ಳಿ. ಮೇಲ್ಮೈ ಮಾತ್ರ ತರಚಿದೆ, ಡ್ರೆಸ್ಸಿಂಗ್ (ಪ್ಲಾಸ್ಟಿಕ್‌ಗೆ ಕಳೆ ಬರಲಿ ಅಂತ ಸವರುವ ದ್ರವ) ಹಚ್ಚಿದರೂ ಮುಚ್ಚಿಹೋಗುತ್ತದೆ. ಒದ್ದೆಯಲ್ಲೂ ಕಂಡರೆ ಗೀರು ಒಳಗೆ ಇಳಿದಿದೆ.

ಕೊನೆಗೆ ಉಗುರು. ಗೀರಿಗೆ ಅಡ್ಡವಾಗಿ ಮೆಲ್ಲಗೆ ಎಳೆಯಿರಿ. ಉಗುರು ಸಿಕ್ಕಿಹಾಕಿಕೊಂಡರೆ ಪ್ಲಾಸ್ಟಿಕ್ ಕಿತ್ತುಬಂದಿದೆ ಅಂತ ಅರ್ಥ. ಅದನ್ನು ಯಾವ ಬಾಟಲಿಯ ದ್ರವವೂ ತುಂಬಿಸಿಕೊಡುವುದಿಲ್ಲ, ಲೇಬಲ್ ಮೇಲೆ ಏನೇ ಬರೆದಿರಲಿ.

ಕಪ್ಪು ಪ್ಲಾಸ್ಟಿಕ್ ಮೇಲೆ ಗೀರು ಬೆಳ್ಳಗೆ ಯಾಕೆ ಕಾಣುತ್ತದೆ? ಬಣ್ಣ ಕಿತ್ತುಹೋಯಿತಾ?

ಬಹಳ ಸಲ ಅಲ್ಲಿ ಬಣ್ಣ ಬಳಿದಿರುವುದೇ ಇಲ್ಲ. ಡೋರ್ ಪ್ಯಾಡಿನ ಕೆಳಭಾಗ, ಡಿಕ್ಕಿಯ ಒಳಗೋಡೆ, ಸೀಟಿನ ಪಕ್ಕದ ಕವರ್, ಇಂಥ ಕಡೆ ಬರುವ ಗಟ್ಟಿ ಪ್ಲಾಸ್ಟಿಕ್ ಹೆಚ್ಚಾಗಿ ಪಾಲಿಪ್ರೊಪಿಲೀನ್. ಬಣ್ಣ ಅದರ ಮೈಯಲ್ಲೇ ಬೆರೆತಿರುತ್ತದೆ. ಬಿಗಿ ಬರಲಿ ಅಂತ ಅದಕ್ಕೆ ಟಾಲ್ಕ್ ಪುಡಿ ಸೇರಿಸಿರುತ್ತಾರೆ, ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರಿನಲ್ಲಿ ಇರುವ ಅದೇ ಖನಿಜ. ಚೂಪಾದದ್ದು ಎಳೆದಾಗ ಪ್ಲಾಸ್ಟಿಕ್ ಹಿಗ್ಗುತ್ತದೆ, ಟಾಲ್ಕ್ ಕಣಗಳ ಸುತ್ತ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು, ಪೊಳ್ಳು ಹುಟ್ಟುತ್ತವೆ. ಬೆಳಕು ಅಲ್ಲಿ ಬಿದ್ದು ಚದುರುತ್ತದೆ, ನಮಗೆ ಬಿಳಿ ಗೆರೆ ಕಾಣುತ್ತದೆ. ಹಾಗಾಗಿ ಬಿಳುಪು ಜಾಸ್ತಿ ಇದೆ ಅಂದ ಮಾತ್ರಕ್ಕೆ ಗೀರು ಆಳ ಇದೆ ಅಂತೇನಿಲ್ಲ.

ನನ್ನ ಕಾರಿನಲ್ಲಿರುವುದು ಯಾವ ಪ್ಲಾಸ್ಟಿಕ್ ಅಂತ ತಿಳಿಯುವುದು ಹೇಗೆ?

ಬಿಚ್ಚಲು ಬರುವ ಭಾಗವಾದರೆ ಹಿಂದೆ ತಿರುಗಿಸಿ ನೋಡಿ. ಎರಡು ಬಾಣದ ಗುರುತಿನ ನಡುವೆ ಸಣ್ಣಕ್ಷರದಲ್ಲಿ ಅಚ್ಚೊತ್ತಿರುತ್ತಾರೆ. ಪಿಪಿ-ಟಿಡಿ20 ಅಂತ ಇದ್ದರೆ 20% ಟಾಲ್ಕ್ ಇರುವ ಪಾಲಿಪ್ರೊಪಿಲೀನ್. ಎಬಿಎಸ್ (ಬ್ರೇಕಿನದಲ್ಲ, ಇದು ಇನ್ನೊಂದು ಬಗೆಯ ಗಟ್ಟಿ ಪ್ಲಾಸ್ಟಿಕ್), ಪಿಸಿ+ಎಬಿಎಸ್ (ಅದಕ್ಕೆ ಪಾಲಿಕಾರ್ಬೊನೇಟ್ ಬೆರೆಸಿದ್ದು) ಅಂತಲೂ ಸಿಗುತ್ತದೆ. ಸ್ವಿಚ್ ಸುತ್ತಲಿನ ಪಟ್ಟಿ, ಎಸಿ ಗಾಳಿ ಬರುವ ಕಿಂಡಿಯ ಚೌಕಟ್ಟು, ಹೊಳೆಯುವ ಭಾಗಗಳು ಹೆಚ್ಚಾಗಿ ಈ ಎರಡನೇ ಗುಂಪು.

ಬಿಚ್ಚಲು ಆಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಹೆಸರಿಗಿಂತ ಮುಖ್ಯವಾದದ್ದು ಮೇಲ್ಮೈ. ತರಿತರಿಯಾಗಿದೆಯಾ, ಕನ್ನಡಿಯ ಹಾಗೆ ಹೊಳೆಯುತ್ತದೆಯಾ, ಮುಟ್ಟಿದರೆ ಮೆತ್ತಗಿದೆಯಾ, ಪಾರದರ್ಶಕವಾ? ಮಾಡುವ ಕೆಲಸ ಈ ನಾಲ್ಕಕ್ಕೂ ಬೇರೆ ಬೇರೆ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ.

ತರಿತರಿ ಪ್ಲಾಸ್ಟಿಕ್ಕನ್ನು ಪಾಲಿಶ್ ಮಾಡಿದರೆ ಗೀರು ಹೋಗುವುದಿಲ್ವಾ?

ಗೀರು ಹೋಗಬಹುದು. ಜೊತೆಗೆ ತರಿಯೂ ಹೋಗುತ್ತದೆ. ಚರ್ಮದಂತೆ ಕಾಣುವ ಆ ಸುಕ್ಕುಗಳೆಲ್ಲ ಅಚ್ಚಿನಲ್ಲಿ ಕೊರೆದು ಮೂಡಿಸಿದ್ದು, ಅವುಗಳ ಆಳ ಮಿಲಿಮೀಟರಿನ ಒಂದು ಸಣ್ಣ ಪಾಲು ಅಷ್ಟೇ. ಪಾಲಿಶ್ ಅಂದರೆ ಎತ್ತರದ್ದನ್ನು ಸವೆಸಿ ಸಮ ಮಾಡುವ ಕೆಲಸ. ಸಮ ಮಾಡಿದ ಜಾಗ ಸುತ್ತಲಿನ ಮಂಕು ಪ್ಲಾಸ್ಟಿಕ್ಕಿನ ನಡುವೆ ಫಳಫಳ ಹೊಳೆಯುತ್ತದೆ. ಮೊದಲು ಒಂದು ತೆಳು ಗೆರೆ ಇದ್ದದ್ದು ಈಗ ಅಂಗೈಯಷ್ಟು ಅಗಲದ ಮಚ್ಚೆ. ಮೇಲಾಗಿ ಪಾಲಿಶ್ ಸುಕ್ಕುಗಳ ಸಂದಿಯಲ್ಲಿ ಕೂತು ಒಣಗಿ ಬೆಳ್ಳಗಾಗುತ್ತದೆ. ಅದನ್ನು ತೆಗೆಯಲು ಹಳೇ ಬ್ರಷ್ ಹಿಡಿದು ಇನ್ನೊಂದು ಗಂಟೆ ಕೂರಬೇಕು.

ಇಂಥ ಮೇಲ್ಮೈಗೆ ಇರುವುದು ಮೂರೇ ದಾರಿ: ಮುಚ್ಚುವುದು, ಬಿಸಿ ಕೊಡುವುದು, ಬದಲಾಯಿಸುವುದು. ನಾಲ್ಕನೇದೂ ಒಂದಿದೆ, ಹಾಗೇ ಬಿಟ್ಟುಬಿಡುವುದು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಹೇರ್ ಡ್ರೈಯರ್ ಅಥವಾ ಹೀಟ್ ಗನ್ ಹಿಡಿದರೆ ಗೀರು ಮಾಯವಾಗುತ್ತದೆ ಅಂತಾರೆ. ನಿಜವಾ?

ನಿಜ, ಆದರೆ ವಿಡಿಯೋದಲ್ಲಿ ತೋರಿಸುವಷ್ಟು ಸಲೀಸಲ್ಲ. ಬಿಸಿ ತಗುಲಿದಾಗ ಎಳೆದು ಹಿಗ್ಗಿದ ಪ್ಲಾಸ್ಟಿಕ್ ಸಡಿಲವಾಗಿ ತನ್ನ ಮೊದಲಿನ ರೂಪದ ಕಡೆಗೆ ಮರಳುತ್ತದೆ, ಬಿಳುಪು ಕರಗುತ್ತದೆ. ಕಿತ್ತುಬಂದ ಪ್ಲಾಸ್ಟಿಕ್ ಮಾತ್ರ ವಾಪಸ್ ಬರುವುದಿಲ್ಲ. ಅಂದರೆ ಬೆಳ್ಳಗಾದ, ಅದುಮಿದಂಥ ಗೀರಿಗೆ ಇದು ಕೆಲಸ ಮಾಡುತ್ತದೆ, ತೋಡಿದಂಥ ಗೀರಿಗೆ ಇಲ್ಲ.

ಲೆಕ್ಕ ಸ್ವಲ್ಪ ನೋಡಿ. ಪಾಲಿಪ್ರೊಪಿಲೀನ್ ಕರಗುವುದು ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಎಬಿಎಸ್ ಸುಮಾರು 105 ಡಿಗ್ರಿಗೇ ಮೆತ್ತಗಾಗಲು ಶುರು. ಹೀಟ್ ಗನ್ನಿನ ಬಾಯಲ್ಲಿ ಬರುವ ಗಾಳಿ 500 ಡಿಗ್ರಿ ದಾಟಬಲ್ಲದು. ಹಾಗಾಗಿ ಗೀರು ಹೋಗುವ ಬಿಸಿಗೂ ಪ್ಲಾಸ್ಟಿಕ್ ಹಾಳಾಗುವ ಬಿಸಿಗೂ ನಡುವೆ ನಿಮಗೆ ಸಿಗುವುದು ಕೆಲವೇ ಸೆಕೆಂಡು. ಹೇರ್ ಡ್ರೈಯರ್‌ಗೆ ಅಷ್ಟು ಶಕ್ತಿ ಇಲ್ಲ, ಪಾಲಿಪ್ರೊಪಿಲೀನ್ ಮೇಲೆ ಎಷ್ಟೋ ಸಲ ಏನೂ ಆಗುವುದಿಲ್ಲ. ಆದರೂ ಮೊದಲು ಅದನ್ನೇ ಹಿಡಿಯಿರಿ ಅನ್ನುತ್ತೇನೆ. ಏನೂ ಆಗದಿದ್ದರೆ ಏನೂ ಹಾಳಾಗಲಿಲ್ಲ ಅಂತಲೂ ಆಯಿತು.

ನನ್ನ ಕಥೆ ಹೇಳಿಬಿಡುತ್ತೇನೆ. ಡಿಕ್ಕಿ ಬಾಗಿಲಿನ ಒಳಕವರ್ ಮೇಲೆ ಎರಡು ಗೇಣಿನಷ್ಟು ಉದ್ದದ ಬಿಳಿ ಗೀರು ಇತ್ತು. ಹೀಟ್ ಗನ್ ಹಿಡಿದೆ, ಶುರುವಿನ ಅರ್ಧ ಭಾಗ ಕಣ್ಣೆದುರೇ ಕಪ್ಪಾಯಿತು, ಜಾದೂ ನೋಡಿದ ಹಾಗೆ. ಖುಷಿಗೆ ಮೈಮರೆತು ಒಂದೇ ಕಡೆ ಮೂರು ಸೆಕೆಂಡು ಜಾಸ್ತಿ ನಿಲ್ಲಿಸಿಬಿಟ್ಟೆ. ಅಲ್ಲಿ ಸುಕ್ಕುಗಳೆಲ್ಲ ಒಂದರೊಳಗೊಂದು ಇಳಿದು, ನಾಣ್ಯದಷ್ಟು ಅಗಲಕ್ಕೆ ಎಣ್ಣೆ ಬಿದ್ದಂತೆ ಹೊಳೆಯತೊಡಗಿತು. ಅದು ಇವತ್ತಿಗೂ ಹಾಗೇ ಇದೆ. ಗೀರನ್ನು ಯಾರೂ ಗಮನಿಸಿರಲಿಲ್ಲ, ಈ ಮಚ್ಚೆಯನ್ನು ಎಲ್ಲರೂ ಕೇಳುತ್ತಾರೆ.

ಮಾಡಲೇಬೇಕು ಅಂದರೆ ಹೀಗೆ ಮಾಡಿ. ಆ ಭಾಗವನ್ನು ಕಾರಿನಿಂದ ಬಿಚ್ಚಿ ಹೊರಗೆ ತನ್ನಿ. ಮೊದಲು ಕಾಣದ ಮೂಲೆಯಲ್ಲಿ ಪ್ರಯೋಗ ಮಾಡಿ. ಗನ್ನನ್ನು ಕಡಿಮೆ ಬಿಸಿಗೆ ಇಟ್ಟು, 15–20 ಸೆಂಟಿಮೀಟರ್ ದೂರ ಹಿಡಿದು, ಕೈಯನ್ನು ಎಲ್ಲೂ ನಿಲ್ಲಿಸದೆ ಆಡಿಸುತ್ತಾ ಇರಿ. ಬಿಳುಪು ಕಡಿಮೆಯಾಗುತ್ತಿದೆ ಅನ್ನಿಸಿದ ಕೂಡಲೇ ತೆಗೆಯಿರಿ, ತಣ್ಣಗಾಗಲು ಬಿಡಿ, ಬೇಕಾದರೆ ಇನ್ನೊಮ್ಮೆ. ಬಿಸಿ ಇರುವಾಗ ಬೆರಳಿನಿಂದ ಮುಟ್ಟಬೇಡಿ. ಬೆರಳೂ ಸುಡುತ್ತದೆ, ಬೆರಳಚ್ಚೂ ಉಳಿಯುತ್ತದೆ. ಬಿಸಿ ಮಾಡಿದ ಜಾಗಕ್ಕೆ ಮತ್ತೆ ತರಿ ಒತ್ತುವ ಪ್ಯಾಡುಗಳು ಸಿಗುತ್ತವೆ. ನಿಮ್ಮ ಕಾರಿನ ಸುಕ್ಕಿಗೂ ಪ್ಯಾಡಿನ ಸುಕ್ಕಿಗೂ ಹೊಂದಿದರೆ ಚೆನ್ನ, ಹೊಂದದಿದ್ದರೆ ತೇಪೆ ಹಾಕಿದ ಹಾಗೆ ಕಾಣುತ್ತದೆ.

ಡ್ಯಾಶ್‌ಬೋರ್ಡ್‌ಗೂ ಹೀಗೇ ಬಿಸಿ ಕೊಡಬಹುದಾ?

ಏರ್‌ಬ್ಯಾಗ್ ಇರುವ ಕಡೆ ಬೇಡ. ಇದರಲ್ಲಿ ಚೌಕಾಸಿ ಇಲ್ಲ. ಸ್ಟೀರಿಂಗ್ ನಡುಭಾಗ, ಮುಂದಿನ ಪ್ಯಾಸೆಂಜರ್ ಎದುರಿನ ಡ್ಯಾಶ್‌ಬೋರ್ಡ್, ಕಿಟಕಿ ಪಕ್ಕದ ಕಂಬದ ಕವರುಗಳು, ಸೀಟಿನ ಹೊರಬದಿ, ಕೆಲವು ಕಾರುಗಳಲ್ಲಿ ಮೊಣಕಾಲಿನ ಎದುರಿಗೂ ಏರ್‌ಬ್ಯಾಗ್ ಇರುತ್ತದೆ. ಹತ್ತಿರದಲ್ಲಿ ಏರ್‌ಬ್ಯಾಗ್ ಅಥವಾ ಎಸ್‌ಆರ್‌ಎಸ್ ಅಂತ ಅಚ್ಚೊತ್ತಿರುತ್ತಾರೆ, ಹುಡುಕಿ ನೋಡಿ.

ಎಷ್ಟೋ ಡ್ಯಾಶ್‌ಬೋರ್ಡುಗಳಲ್ಲಿ ಏರ್‌ಬ್ಯಾಗಿನ ಮುಚ್ಚಳ ಮೇಲಿನಿಂದ ಕಾಣುವುದೇ ಇಲ್ಲ. ಪ್ಲಾಸ್ಟಿಕ್ಕನ್ನು ಹಿಂಬದಿಯಿಂದ ಒಂದು ಗೆರೆಯುದ್ದಕ್ಕೂ ತೆಳುವಾಗಿಸಿರುತ್ತಾರೆ, ಅಪಘಾತವಾದಾಗ ಸರಿಯಾಗಿ ಅಲ್ಲೇ ಹರಿಯಲಿ ಅಂತ. ನೀವು ಬಿಸಿ ಮಾಡಿದರೆ, ಫಿಲ್ಲರ್ (ಗುಂಡಿ ಮುಚ್ಚುವ ಪೇಸ್ಟ್) ತುಂಬಿದರೆ, ಮೇಲೆ ದಪ್ಪ ಬಣ್ಣವನ್ನೋ ಫಿಲ್ಮನ್ನೋ ಅಂಟಿಸಿದರೆ ಅದು ಹೇಗೆ ಹರಿಯುತ್ತದೆ ಅಂತ ಹೇಳಲು ಬರುವುದಿಲ್ಲ. ಅಲ್ಲಿ ಗೀರು ಇದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಡ್ರೆಸ್ಸಿಂಗ್ ಸವರಿ, ಬಿಟ್ಟುಬಿಡಿ.

ಟೂತ್‌ಪೇಸ್ಟ್, ಅಡುಗೆ ಎಣ್ಣೆ, ಶೂ ಪಾಲಿಶ್? ಮನೆಯಲ್ಲೇ ಇದೆಯಲ್ಲ.

ಟೂತ್‌ಪೇಸ್ಟ್‌ನಲ್ಲಿ ಸಣ್ಣ ಸವೆಸುವ ಕಣಗಳಿರುತ್ತವೆ. ನುಣುಪಾದ ಪ್ಲಾಸ್ಟಿಕ್ ಮೇಲೆ ಕೂದಲೆಳೆಯಂಥ ಗೀರುಗಳನ್ನು ಸ್ವಲ್ಪ ತಗ್ಗಿಸಬಹುದು, ಆದರೆ ಒಂದೊಂದು ಪೇಸ್ಟ್ ಒಂದೊಂದು ಒರಟು, ಹೊಸ ಗೀರು ಹಾಕಿಕೊಡುವ ಸಾಧ್ಯತೆಯೂ ಅಷ್ಟೇ ಇದೆ. ತರಿತರಿ ಪ್ಲಾಸ್ಟಿಕ್‌ಗೆ ದಂಡ.

ಎಣ್ಣೆ ಹಚ್ಚಿದರೆ ಗೀರು ಕಾಣುವುದಿಲ್ಲ, ನಿಜ. ಒದ್ದೆ ಬೆರಳಿನ ಪರೀಕ್ಷೆಯೇ ಅದು, ಸ್ವಲ್ಪ ಜಾಸ್ತಿ ದಿನ ಉಳಿಯುತ್ತದೆ ಅಷ್ಟೇ. ಆಮೇಲೆ ಧೂಳು ಅಂಟುತ್ತದೆ, ಬಿಸಿಲಿಗೆ ಎಣ್ಣೆ ಕಮಟು ವಾಸನೆ ಹೊಡೆಯುತ್ತದೆ. ಶೂ ಪಾಲಿಶ್ ಹಚ್ಚಿದರೆ ನಿಮ್ಮ ಬಟ್ಟೆಗೆ ಬಣ್ಣ ಅಂಟುತ್ತದೆ, ಸುಮ್ನೆ ಬೇಡ.

ಥಿನ್ನರ್, ಪೆಟ್ರೋಲ್, ನೇಲ್ ಪಾಲಿಶ್ ರಿಮೂವರ್ ಹತ್ತಿರಕ್ಕೂ ತರಬೇಡಿ. ರಿಮೂವರ್‌ನಲ್ಲಿ ಅಸಿಟೋನ್ ಇದ್ದರೆ ಅದು ಎಬಿಎಸ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಒರೆಸಿದ ಜಾಗ ಮೊದಲು ಅಂಟಂಟಾಗಿ ಆಮೇಲೆ ಶಾಶ್ವತವಾಗಿ ಮಂಕಾಗುತ್ತದೆ.

ಬಿಳಿ ಸ್ಪಂಜು, ಮ್ಯಾಜಿಕ್ ಇರೇಸರ್ ಅಂತಾರಲ್ಲ, ಅದು?

ಶೂ ಕಲೆಗೆ ಅದ್ಭುತ. ಒದ್ದೆ ಮಾಡಿ, ಒತ್ತದೆ, ನಾಲ್ಕು ಸಲ ಎಳೆದರೆ ಸಾಕು. ಅದು ಮೆಲಮಿನ್ ಫೋಮ್, ಮುಟ್ಟಲು ಮೆತ್ತಗಿದ್ದರೂ ಬಹಳ ನಯವಾದ ಸ್ಯಾಂಡ್ ಪೇಪರ್ ಥರ ಕೆಲಸ ಮಾಡುತ್ತದೆ. ಹಾಗಾಗಿ ಹೊಳೆಯುವ ಪ್ಲಾಸ್ಟಿಕ್, ಮೀಟರಿನ ಮೇಲಿನ ಪಾರದರ್ಶಕ ಮುಚ್ಚಳ, ಮೆತ್ತನೆ ಲೇಪನ ಇರುವ ಭಾಗ, ಸ್ವಿಚ್ ಮೇಲಿನ ಚಿಹ್ನೆಗಳು, ಇವುಗಳ ಮೇಲೆ ಬೇಡ.

ಪಿಯಾನೋ ಬ್ಲ್ಯಾಕ್ ಮೇಲೆ ಜೇಡರ ಬಲೆಯಂಥ ಗೀರು. ಏನು ಮಾಡಲಿ?

ಗೇರ್ ಸುತ್ತ ಕಪ್ಪು ಕನ್ನಡಿಯಂಥ ಪ್ಲಾಸ್ಟಿಕ್ ಹಾಕಬೇಕು ಅಂತ ಯಾರಿಗೆ ಹೊಳೆಯಿತೋ ಗೊತ್ತಿಲ್ಲ. ಶೋರೂಮಿನಲ್ಲಿ ನೋಡಲು ಚೆಂದ, ಮನೆಗೆ ತಂದ ಒಂದು ವಾರಕ್ಕೆ ಬೆರಳಚ್ಚು, ಒಂದು ತಿಂಗಳಿಗೆ ಗೀರು. ಒಂದು ಒಳ್ಳೆಯ ಸುದ್ದಿ ಏನೆಂದರೆ, ಕಾರಿನ ಒಳಗೆ ನಿಜವಾಗಿ ಪಾಲಿಶ್ ಕೇಳುವ ಪ್ಲಾಸ್ಟಿಕ್ ಇದೊಂದೇ, ಜೊತೆಗೆ ಮೀಟರಿನ ಮುಚ್ಚಳ.

ಮೊದಲು ಧೂಳು ಊದಿ ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಅಂಚು, ಸ್ವಿಚ್, ಸಂದಿಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚಿ, ಇಲ್ಲದಿದ್ದರೆ ಪಾಲಿಶ್ ಒಳಗೆ ಹೋಗಿ ಕೂರುತ್ತದೆ. ಕಾರಿನ ಬಣ್ಣಕ್ಕೆ ಕೊನೆಯಲ್ಲಿ ಬಳಸುವ ಫಿನಿಶಿಂಗ್ ಪಾಲಿಶ್, ಅಥವಾ ಪ್ಲಾಸ್ಟಿಕ್‌ಗೇ ಮಾಡಿದ ಪಾಲಿಶ್, ಮೆತ್ತನೆ ಫೋಮ್ ಪ್ಯಾಡಿಗೆ ಬೆರಳ ತುದಿಯಷ್ಟು ಹಾಕಿ. ಕೈಯಲ್ಲೇ ಸಣ್ಣ ಸಣ್ಣ ಸುತ್ತು ಹಾಕುತ್ತಾ ಉಜ್ಜಿ. ಒತ್ತಡ ಬೇಡ, ಪಾಲಿಶ್ಶೇ ಕೆಲಸ ಮಾಡಲಿ. ಒಂದೆರಡು ನಿಮಿಷಕ್ಕೆ ನಿಲ್ಲಿಸಿ, ಹೊಸ ಬಟ್ಟೆಯಲ್ಲಿ ಒರೆಸಿ, ಟಾರ್ಚ್ ಹಾಕಿ ನೋಡಿ. ಮಷೀನ್ ಬಳಸುವುದಾದರೆ ಸಣ್ಣ ಪ್ಯಾಡ್, ಕಡಿಮೆ ವೇಗ. ಪ್ಲಾಸ್ಟಿಕ್‌ನಲ್ಲಿ ಬಿಸಿ ಬೇಗ ಹರಡಿಹೋಗುವುದಿಲ್ಲ, ಉಜ್ಜಿದ ಜಾಗದಲ್ಲೇ ನಿಂತು ಮೇಲ್ಮೈಯನ್ನು ಕೆಡಿಸುತ್ತದೆ.

ಉಗುರಿಗೆ ಸಿಗುವ ಗೀರಾದರೆ 3000 ನಂಬರಿನ ಸ್ಯಾಂಡ್ ಪೇಪರನ್ನು ನೀರಲ್ಲಿ ನೆನೆಸಿ ಮೆಲ್ಲಗೆ ತಿಕ್ಕಿ, ಆಮೇಲೆ ಪಾಲಿಶ್ ಮಾಡುವ ದಾರಿ ಇದೆ. ಮೊದಲ ಸಲ ಮಾಡುವವರಿಗೆ ನಾನು ಬೇಡ ಅನ್ನುತ್ತೇನೆ. ಕೆಲವು ಕಾರುಗಳಲ್ಲಿ ಹೊಳಪು ಬರುವುದು ಮೇಲಿನ ತೆಳುವಾದ ಕ್ಲಿಯರ್ ಲೇಪನದಿಂದ. ಮರದ ವಿನ್ಯಾಸ ಇರುವ ಪಟ್ಟಿಗಳಲ್ಲಂತೂ ಚಿತ್ರ ಇರುವುದೇ ಆ ಲೇಪನದ ಕೆಳಗೆ. ಒಂದು ಸಲ ಲೇಪನ ದಾಟಿದಿರೋ, ಚಿತ್ರವೇ ಅಳಿಸಿಹೋಗುತ್ತದೆ.

ಪಾಲಿಶ್ ಆದ ಮೇಲೆ ಆ ಭಾಗಕ್ಕೆ ಪಿಪಿಎಫ್, ಅಂದರೆ ಗೀರು ತಡೆಯುವ ಪಾರದರ್ಶಕ ಫಿಲ್ಮ್ ಅಂಟಿಸಿಬಿಡಿ. ಕಾರಿನ ಮಾಡೆಲ್ಲಿಗೆ ತಕ್ಕಂತೆ ಕತ್ತರಿಸಿದ್ದೇ ಸಿಗುತ್ತದೆ. ಹೊಸ ಕಾರಾದರೆ ಮೊದಲ ವಾರವೇ ಹಾಕಿ. ಒಳಗಿನ ರಕ್ಷಣೆಗೆ ದುಡ್ಡು ಖರ್ಚು ಮಾಡುವುದಾದರೆ ನನ್ನ ಪ್ರಕಾರ ಇದಕ್ಕೇ ಮೊದಲು.

ಮೀಟರಿನ ಮುಚ್ಚಳ ಮತ್ತು ಟಚ್ ಸ್ಕ್ರೀನ್?

ಮೀಟರಿನ ಮೇಲಿನದು ಗಾಜಲ್ಲ, ಅಕ್ರಿಲಿಕ್ ಅಥವಾ ಪಾಲಿಕಾರ್ಬೊನೇಟ್. ಪ್ಲಾಸ್ಟಿಕ್ ಪಾಲಿಶ್‌ನಲ್ಲಿ ಕೈಯಿಂದ ಮಾಡಬಹುದು. ಅಮೋನಿಯಾ ಇರುವ ಗಾಜಿನ ಕ್ಲೀನರ್ ಹಾಕಬೇಡಿ, ಸಣ್ಣ ಸಣ್ಣ ಬಿರುಕು ಬಿಟ್ಟು ಮಂಜಾಗುತ್ತದೆ. ಅಕ್ರಿಲಿಕ್‌ಗೆ ಸ್ಪಿರಿಟ್ ಕೂಡ ಆಗಿಬರುವುದಿಲ್ಲ. ಮುಚ್ಚಳದ ಮೇಲೆ ಬೆಳಕು ಪ್ರತಿಫಲಿಸದಂತೆ ಲೇಪನ ಇದ್ದರೆ ಪಾಲಿಶ್ ಅದನ್ನು ಕಿತ್ತುಹಾಕುತ್ತದೆ, ಮೂಲೆಯಲ್ಲಿ ಸ್ವಲ್ಪ ಮಾಡಿ ನೋಡಿ. ಟಚ್ ಸ್ಕ್ರೀನ್‌ಗೆ ಪಾಲಿಶ್ ಬೇಡವೇ ಬೇಡ. ಸ್ಕ್ರೀನ್ ಗಾರ್ಡ್ ಅಂಟಿಸಿ, ಸಣ್ಣ ಗೀರು ಅದರಲ್ಲೇ ಮುಚ್ಚಿಹೋಗುತ್ತದೆ.

ಆಳವಾದ ಗೀರಿಗೆ ಫಿಲ್ಲರ್ ತುಂಬಿ ಬಣ್ಣ ಹೊಡೆದರೆ?

ಆಗುತ್ತದೆ, ತಾಳ್ಮೆ ಇರಬೇಕು. ಎದ್ದ ಅಂಚನ್ನು ಬ್ಲೇಡಿನಿಂದ ಹುಷಾರಾಗಿ ತೆಗೆದು, ಪ್ಲಾಸ್ಟಿಕ್ ಫಿಲ್ಲರ್ ತುಂಬಿ, ಒಣಗಿದ ಮೇಲೆ ತಿಕ್ಕಿ, ಟೆಕ್ಸ್ಚರ್ ಸ್ಪ್ರೇ ಹೊಡೆದು, ಮೇಲೆ ಬಣ್ಣ. ಪಾಲಿಪ್ರೊಪಿಲೀನ್ ಆದರೆ ಒಂದು ತೊಡಕಿದೆ: ಅದಕ್ಕೆ ಏನೂ ಸರಿಯಾಗಿ ಅಂಟುವುದಿಲ್ಲ. ಮೊದಲು ಅಡ್ಹೀಶನ್ ಪ್ರೊಮೋಟರ್ (ಬಣ್ಣ ಹಿಡಿದುಕೊಳ್ಳಲಿ ಅಂತ ಕೆಳಗೆ ಹೊಡೆಯುವ ಲೇಪನ) ಹೊಡೆಯದೆ ಬಣ್ಣ ಹಾಕಿದರೆ ಕೆಲವು ವಾರಕ್ಕೆ ಪೊರೆ ಬಿಟ್ಟಂತೆ ಏಳುತ್ತದೆ. ಹಳೆಯ ಸಿಲಿಕೋನ್ ಡ್ರೆಸ್ಸಿಂಗ್ ಉಳಿದಿದ್ದರೂ ಇದೇ ಗತಿ. ಗೀರು ಇರುವಷ್ಟು ಜಾಗಕ್ಕೆ ಮಾತ್ರ ಬಣ್ಣ ಹೊಡೆದರೆ ತೇಪೆ ಎದ್ದು ಕಾಣುತ್ತದೆ, ಇಡೀ ಭಾಗಕ್ಕೆ ಹೊಡೆಯಬೇಕು.

ಇಷ್ಟೆಲ್ಲ ಯಾಕೆ, ಆ ಭಾಗವನ್ನೇ ಬದಲಾಯಿಸಿದರೆ?

ಸಣ್ಣ ಭಾಗವಾದರೆ ನಾನು ಅದನ್ನೇ ಮಾಡುತ್ತೇನೆ. ಹಳೇ ಕಾರುಗಳನ್ನು ಬಿಚ್ಚಿ ಮಾರುವವರ ಹತ್ತಿರ ಅದೇ ಮಾಡೆಲ್ಲಿನದು ಸಿಗಬಹುದು. ಬಣ್ಣದ ಹೆಸರು ಒಂದೇ ಆದರೂ ಬಿಸಿಲು ತಿಂದ ಕಾರಿನದು ಮಾಸಿರುತ್ತದೆ, ನಿಮ್ಮದರ ಪಕ್ಕ ಹಿಡಿದು ನೋಡಿಯೇ ತನ್ನಿ. ಬಿಚ್ಚುವಾಗ ಸ್ಕ್ರೂಡ್ರೈವರ್ ತೂರಿಸಬೇಡಿ. ಅದಕ್ಕೆಂದೇ ಪ್ಲಾಸ್ಟಿಕ್ ಪಟ್ಟಿಗಳಿವೆ. ಗೀರು ತೆಗೆಯಲು ಹೋಗಿ ಅಂಚಿನಲ್ಲಿ ನಾಲ್ಕು ಹೊಸ ಗೀರು ಮಾಡಿಕೊಂಡವರು ಎಷ್ಟೋ ಜನ. ಒಂದೆರಡು ಕ್ಲಿಪ್ ಹೇಗೂ ಮುರಿಯುತ್ತವೆ, ಮೊದಲೇ ತಂದಿಟ್ಟುಕೊಳ್ಳಿ.

ಡ್ರೆಸ್ಸಿಂಗ್ ಹಚ್ಚಿದರೆ ಗೀರು ಬೀಳುವುದು ತಪ್ಪುತ್ತದಾ?

ಕೀಲಿಯ ತುದಿಯನ್ನು ತಡೆಯುವುದಿಲ್ಲ. ಮೇಲ್ಮೈ ಸ್ವಲ್ಪ ಜಾರುವಂತಾಗುವುದರಿಂದ ಹಗುರವಾದ ತಿಕ್ಕಾಟ ಕಡಿಮೆಯಾಗಬಹುದು. ನೀರು ಆಧಾರಿತ, ಮ್ಯಾಟ್ ಫಿನಿಶ್, ಯುವಿ ರಕ್ಷಣೆ ಇರುವಂಥದ್ದು ತೆಗೆದುಕೊಳ್ಳಿ. ಜಿಡ್ಡುಜಿಡ್ಡಾಗಿ ಹೊಳೆಯುವಂಥದ್ದನ್ನು ಡ್ಯಾಶ್‌ಬೋರ್ಡ್‌ಗೆ ಹಾಕಿದರೆ ಮುಂದಿನ ಗಾಜಿನಲ್ಲಿ ಅದರ ಬಿಂಬ ಕುಣಿಯುತ್ತದೆ. ಸ್ಟೀರಿಂಗ್, ಪೆಡಲ್‌ಗೆ ಯಾವತ್ತೂ ಹಚ್ಚಬೇಡಿ, ಜಾರುತ್ತದೆ. ಬಟ್ಟೆಗೆ ಹಾಕಿ ಸವರಿ, ನೇರವಾಗಿ ಸ್ಪ್ರೇ ಮಾಡಬೇಡಿ.

ಹಾಗಾದರೆ ಗೀರು ಬೀಳದಂತೆ ನೋಡಿಕೊಳ್ಳುವುದು ಹೇಗೆ?

ಒಣ ಬಟ್ಟೆಯಲ್ಲಿ ಧೂಳು ಒರೆಸುವುದನ್ನು ನಿಲ್ಲಿಸಿ. ಹೊಳೆಯುವ ಪ್ಲಾಸ್ಟಿಕ್ ಮೇಲಿನ ಗೀರುಗಳಲ್ಲಿ ಜಾಸ್ತಿ ಪಾಲು ನಾವೇ ಶ್ರದ್ಧೆಯಿಂದ ಒರೆಸಿ ಒರೆಸಿ ಮಾಡಿದ್ದು. ಧೂಳಿನಲ್ಲಿ ಮರಳಿನ ಕಣ, ಅಂದರೆ ಕ್ವಾರ್ಟ್ಸ್ ಇರುತ್ತದೆ. ಮೋಸ್ ಗಡಸುತನದ ಅಳತೆಯಲ್ಲಿ ಅದು 7, ಸಾಮಾನ್ಯ ಚಾಕುವಿನ ಉಕ್ಕಿಗಿಂತ ಗಟ್ಟಿ. ಅದರ ಎದುರು ಪ್ಲಾಸ್ಟಿಕ್ ಯಾವ ಲೆಕ್ಕ? ಒಣ ಬಟ್ಟೆ ಅದನ್ನು ಹಿಡಿದು ಗರಗರ ಎಳೆಯುತ್ತದೆ. ಮೊದಲು ಮೆತ್ತನೆ ಬ್ರಷ್ ಮತ್ತು ವ್ಯಾಕ್ಯೂಮ್, ಆಮೇಲೆ ತೇವದ ಬಟ್ಟೆ, ಕೊನೆಗೆ ಒಣ ಬಟ್ಟೆ. ಈ ಕ್ರಮ ತಪ್ಪಿಸಬೇಡಿ.

ಬಟ್ಟೆಯ ಮೂಲೆಯ ಲೇಬಲ್ ಕತ್ತರಿಸಿ ಬಿಸಾಡಿ, ಅದೂ ಗೀರುತ್ತದೆ. ಹೊರಗಿನ ಚಕ್ರ ಒರೆಸಿದ ಬಟ್ಟೆ ಒಳಗೆ ಬರಬಾರದು. ನೆಲಕ್ಕೆ ಬಿದ್ದದ್ದನ್ನು ತೊಳೆದೇ ಬಳಸಿ. ತೊಳೆಯುವಾಗ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬೇಡಿ, ಎಳೆಗಳಿಗೆ ಅದು ಮೆತ್ತಿಕೊಂಡು ಬಟ್ಟೆ ಧೂಳು ಹಿಡಿಯುವುದನ್ನೇ ಬಿಡುತ್ತದೆ. ಬಿಸಿಲಲ್ಲಿ ನಿಂತು ಕಾದ ಡ್ಯಾಶ್‌ಬೋರ್ಡನ್ನು ತಕ್ಷಣ ಉಜ್ಜಬೇಡಿ. ಅದು 70 ಡಿಗ್ರಿವರೆಗೂ ಬಿಸಿಯಾಗಬಲ್ಲದು, ಕ್ಲೀನರ್ ಅಲ್ಲೇ ಒಣಗಿ ಕಲೆ ಉಳಿಯುತ್ತದೆ.

ಇನ್ನು ಕೀಲಿಗೊಂಚಲು. ಸ್ಟೀರಿಂಗ್ ಪಕ್ಕ ಕೀಲಿ ತಿರುಗಿಸುವ ಕಾರಾದರೆ ಅದರ ಕೆಳಗಿನ ಕವರ್ ನೋಡಿ, ಕಮಾನಿನಂತೆ ಸವೆದ ಗೆರೆಗಳು ಕಾಣುತ್ತವೆ. ಮನೆ, ಆಫೀಸು, ಬೀರು ಎಲ್ಲದರ ಕೀಲಿಯೂ ಅಲ್ಲೇ ನೇತಾಡಿ ಉಯ್ಯಾಲೆ ಆಡಿದ್ದರ ಗುರುತು. ಕಾರಿನ ಕೀಲಿಯನ್ನು ಬೇರೆ ಮಾಡಿದರೆ ಮುಗಿಯಿತು. ಸೀಟ್ ಬೆಲ್ಟ್ ಬಿಚ್ಚಿ ಹಾಗೇ ಕೈಬಿಟ್ಟರೆ ಅದರ ಲೋಹದ ನಾಲಿಗೆ ಹೋಗಿ ಕಂಬದ ಕವರಿಗೆ ಟಪ್ ಅಂತ ಹೊಡೆಯುತ್ತದೆ. ಕೈಯಲ್ಲಿ ಹಿಡಿದು ಮೇಲಕ್ಕೆ ಬಿಡುವ ಅಭ್ಯಾಸ ಮಾಡಿಕೊಳ್ಳಿ. ಉಂಗುರ ಹಾಕುವವರು ಬಾಗಿಲಿನ ಹಿಡಿಕೆಯ ಒಳಭಾಗ ಒಮ್ಮೆ ನೋಡಿ, ಹೆಚ್ಚು ಹೇಳುವುದಿಲ್ಲ.

ಮಕ್ಕಳು, ನಾಯಿ, ಡಿಕ್ಕಿ ತುಂಬ ಸಾಮಾನು. ಇದಕ್ಕೇನು?

ಮುಂದಿನ ಸೀಟಿನ ಹಿಂಬದಿಗೆ ಕಿಕ್ ಮ್ಯಾಟ್ ನೇತುಹಾಕಿ. ಹೊಸ್ತಿಲಿಗೆ, ಅಂದರೆ ಕಾಲಿಡುವ ಪಟ್ಟಿಗೆ ಸ್ಕಫ್ ಪ್ಲೇಟ್ ಅಥವಾ ಪಾರದರ್ಶಕ ಫಿಲ್ಮ್. ನಾಯಿಯ ಉಗುರು ಡೋರ್ ಪ್ಯಾಡಿಗೇ ಮೊದಲು ತಾಗುವುದು, ಕಿಟಕಿಯ ಕೆಳಗೆ ಸಿಕ್ಕಿಸುವ ಕವರ್ ಬರುತ್ತದೆ. ಡಿಕ್ಕಿಗೆ ಸಾಮಾನು ಎಸೆಯಬೇಡಿ, ಎತ್ತಿ ಇಡಿ. ಅಂಚಿನ ಮೇಲೆ ಒಂದು ಹಳೇ ಕಂಬಳಿ ಹಾಸಿ ಎಳೆದರೆ ಅಂಗಡಿಯಲ್ಲಿ ಸಿಗುವ ಯಾವ ಗಾರ್ಡಿಗೂ ಕಡಿಮೆ ಇಲ್ಲ.

ನನ್ನ ಕಾರಿನ ಸ್ವಿಚ್ಚುಗಳು ಅಂಟಂಟಾಗಿ, ಉಗುರು ತಾಗಿದರೂ ಗೀರು ಬೀಳುತ್ತಿದೆ. ಇದೂ ಇದೇನಾ?

ಇಲ್ಲ, ಇದು ಬೇರೆ ಕಾಯಿಲೆ. ಮೆತ್ತಗಿರಲಿ ಅಂತ ಹಚ್ಚಿದ ಸಾಫ್ಟ್ ಟಚ್ ಲೇಪನ ತೇವ, ಬಿಸಿ, ಕೈಯ ಜಿಡ್ಡಿಗೆ ಸಿಕ್ಕಿ ಕೊಳೆಯುತ್ತಿದೆ. ಅದನ್ನು ಸರಿ ಮಾಡಲು ಬರುವುದಿಲ್ಲ, ಪೂರ್ತಿ ತೆಗೆಯಬೇಕು. ಭಾಗವನ್ನು ಬಿಚ್ಚಿಕೊಂಡು, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಲ್ಲಿ ಸ್ವಲ್ಪ ಸ್ವಲ್ಪವೇ ಒರೆಸುತ್ತಾ ಹೋದರೆ ಕಪ್ಪು ಮೇಣದ ಹಾಗೆ ಬಿಟ್ಟುಬರುತ್ತದೆ. ಕಿಟಕಿ ತೆರೆದಿರಲಿ, ಕೈಗವಸು ಇರಲಿ. ಚಿಹ್ನೆಗಳು ಆ ಲೇಪನದ ಮೇಲೇ ಮುದ್ರಿಸಿದ್ದಾದರೆ ಅವೂ ಜೊತೆಗೇ ಹೋಗುತ್ತವೆ, ಶುರು ಮಾಡುವ ಮೊದಲು ಯಾವ ಬಟನ್ ಯಾವುದಕ್ಕೆ ಅಂತ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.